ಗಾಣದ ಹಾಡಿನ ಒಂದೇಟು

ಲೇ ಲೋಹಿತ,

ಫೋನ್ ಮಾಡುದ್ರೆ ಎತ್ತಕಿಲ್ಲ, ಮೆಸೇಜು ಕಳ್ಸುದ್ರೆ ನೋಡಕಿಲ್ಲ. ಅದುಕ್ಕೇ ನಮ್ಮ ಬ್ಯಾಂಡಿನ ಹಾಡಿನ ಬುಕ್ಕಲ್ಲೇ ಬರೀತಿವ್ನಿ, ಇಲ್ಲೇ ಬಿದ್ದಿರ್ಲಿ.

ನಿನ್ನ ಜಾಗಕ್ಕೆ ನಾಗಮಂಗಲದಿಂದ ರಾಹುಲ್ ಅಂತ ಹೊಸ ಡ್ರಮ್ಮರು ಬಂದವ್ನೆ. ಗಡಿಯಾರ ನುಂಗ್ದೋನಂಗೆ ಬಾರಿಸ್ತಾನೆ. ಇವತ್ತು ಕಿರಂಗೂರಿನ ಆಲೆಮನೇಲಿ ಅವನ ಜೊತೆ ಮೊದಲ್ನೇ ಪ್ರಾಕ್ಟೀಸು. ನಮ್ಮ ಗಾಣದ ಹಾಡು ಶುರು ಮಾಡುದೋ. ಅದೇ, ಕಬ್ಬು ಅರೆಯೋ ಸದ್ದು ರೆಕಾರ್ಡ್ ಮಾಡಿ, ಅದುರ್ ಮ್ಯಾಲೇ ಮೂರೂ ಜನ ಕೂತು ಕಟ್ಟಿದ್ವಲ್ಲ, ಅದು. ಗಾಣದ ಸದ್ದು ನಿಂತ ಕೂಡ್ಲೇ ಎಲ್ಲಾ ಒಟ್ಟಿಗೆ ಹೊಡೀಬೇಕು. ರಾಹುಲ್ ಸರಿಯಾಗಿ ಹೊಡ್ದ. ನಾನೂ ಅರ್ಪಿತಾನೂ ಒಂದೇಟು ತಡವಾಗಿ ಬಂದೋ. ಇನ್ನೊಂದು ಸಲ ಮಾಡುದ್ರೂ ಅಂಗೇ. ಆರು ಸಲ ಅಂಗೇ! "ಯಾರಿಗ್ ಕಾಯ್ತಿದೀರಣ್ಣ?" ಅಂದ್ಬುಟ್ಟ ಅವ್ನು. ಅರ್ಪಿತ ಗಿಟಾರ್ ಕೆಳಕ್ಕಿಟ್ಟು ನನ್ನೇ ದುರುಗುಟ್ಕಂಡು ನೋಡುದ್ಲು.

ಏಳು ವರ್ಸದಲ್ಲಿ ಒಂದಿನಾನೂ ನೀನು ಅಲ್ಲಿ ಟೈಮಿಗ್ ಸರಿಯಾಗಿ ಬಾರಿಸ್ಲಿಲ್ಲ ಕಣ್ಲಾ. ನಿನ್ ತಪ್ಪನ್ನ ನಮ್ ಕೈಗಂಟಿಸ್ಬುಟ್ಟು ಹೋಗಿ ಕೂತಿದೀಯ. ಪಾಂಡವಪುರದ ಪ್ರೋಗ್ರಾಮಲ್ಲಿ ಮೈಕು ಆನ್ ಆಗಿರೋದು ನೋಡ್ದಲೆ, "ತಾಳ ಬರ್ದಿದ್ರೆ ದನ ಕಾಯಕ್ಕೋಗ್ಲಾ" ಅಂದ್ಬುಟ್ಟೆ, ನಿಜ. ಜನ ನಕ್ರು. ನೀನೂ ನಕ್ಕೆ. ನಕ್ಕೋನು ಮಾರ್ನೇ ದಿನದಿಂದ ಬರ್ದೇ ಇದ್ರೆ ನಂಗೆಂಗ್ ಗೊತ್ತಾಯ್ತದೆ?

ಕೊನೆಗೆ ರಾಹುಲ್‌ಗೇ ಹೇಳ್ದೆ, "ತಪ್ಪು ನಿಂದೇ ಕಣಪ್ಪ, ಒಂದೇಟು ತಡವಾಗಿ ಹೊಡಿ" ಅಂತ. "ಎಷ್ಟು ತಡ, ತೋರ್ಸಣ್ಣ" ಅಂತ ಕೋಲು ನನ್ ಕೈಗೆ ಕೊಟ್ಟ.

ಅರ್ಧ ಗಂಟೆ ಬಡಿದೆ ಕಣ್ಲಾ. ನಂಗ್ ಬರ್ನಿಲ್ಲ.