ನಡುಮನೆಯಲ್ಲಿ ಬೂಟು

ಜೂನ್ ೧೫, ಭಾನುವಾರ

ಹಂಸಾಳದು ಬೆಳಗ್ಗೆಯಿಂದ ಒಂದೇ ಹಟ, ಪೊಲೀಸ್ ತರಬೇತಿಗೆ ವಾಪಸ್ ಹೋಗುವುದಿಲ್ಲವಂತೆ. ಅಲ್ಲಿ ಮೊದಲ ಸಲ ಬಂದೂಕು ಕೊಟ್ಟ ದಿನ, ನನ್ನ ಮಗಳು ಬೂಟನ್ನು ಬಂದೂಕಿನ ಕೋಣೆಯ ಹೊರಗೆ ಕಳಚಿಟ್ಟು ಒಳಗೆ ಹೋಗಿ, ಬಂದೂಕನ್ನು ಕಣ್ಣಿಗೊತ್ತಿಕೊಂಡಳಂತೆ. ಆಯುಧಪೂಜೆ ನೋಡಿ ಬೆಳೆದ ಅರ್ಚಕರ ಮನೆಯ ಹುಡುಗಿ, ಇನ್ನೇನು ಮಾಡಿಯಾಳು! ಅಂದಿನಿಂದ ಜೊತೆಯವರೆಲ್ಲ "ಪೂಜಾರಮ್ಮ, ಮಂಗಳಾರತಿ ಎಲ್ಲಿ?" ಎಂದು ಕಾಡುತ್ತಾರಂತೆ.

ಮಧ್ಯಾಹ್ನ ಟೀವಿಯಲ್ಲಿ ಆ ಪೆದ್ದು ಪೊಲೀಸರ ಸಿನಿಮಾ ಬಂತು. ಅದೆಷ್ಟನೇ ಭಾಗವೋ, ಮುಗಿಯುವುದೇ ಇಲ್ಲ. ಕವಾಯತಿನಲ್ಲಿ ಎಲ್ಲರೂ ಎಡಕ್ಕೆ ತಿರುಗಿದರೆ ಒಬ್ಬ ಬಲಕ್ಕೆ ತಿರುಗಿ ಕೆಸರಿಗೆ ಬಿದ್ದ. ಸಿನಿಮಾ ಎಂದರೆ ಮೂಗು ಮುರಿಯುವ ನಮ್ಮ ಯಜಮಾನರು ಮಗಳ ಪಕ್ಕ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ನೋಡೇ ಹಂಸಿ, ಇಂಥವನನ್ನೇ ಮನೆಗೆ ಕಳಿಸಿಲ್ಲ. ನಿನ್ನನ್ಯಾಕೆ ಕಳಿಸ್ತಾರೆ?"

ಅವಳಿಗೂ ನಗು ತಡೆಯಲಾಗಲಿಲ್ಲ. "ಸರಿ, ನಾಳೆ ಮೊದಲನೇ ಬಸ್ಸಿಗೇ ಹೋಗ್ತೀನಪ್ಪ" ಅಂದಳು.

ಸಂಜೆ ಹಿತ್ತಲಿಗೆ ಹೋಗಿ ನೋಡಿದರೆ, ಯಜಮಾನರು ಅವಳ ಬೂಟಿಗೆ ಪಾಲಿಶ್ ಹಾಕುತ್ತಿದ್ದಾರೆ! ಹೊಸಿಲೊಳಗೆ ಯಾರ ಚಪ್ಪಲಿಯನ್ನೂ ಬಿಡದ ಮನುಷ್ಯ, ಚರ್ಮ ತಾಗಿದರೆ ಸ್ನಾನ ಮಾಡುವ ಮನುಷ್ಯ.

"ಏನ್ರೀ ಇದು?"

"ಅವಳಿಗೆ ಇದೂ ಆಯುಧಾನೇ ಅಲ್ವೇನೇ?" ಎಂದವರು ಎದ್ದು, ಎರಡೂ ಬೂಟನ್ನು ತಂದು ನಡುಮನೆಯಲ್ಲಿ, ದೇವರಮನೆಯ ಬಾಗಿಲ ಮುಂದೆ ಜೋಡಿಸಿಟ್ಟರು. ಆಮೇಲೆ ಸ್ನಾನಕ್ಕೆ ಹೋದರು.

ಈಗ ಎಲ್ಲರೂ ಮಲಗಿದ್ದಾರೆ. ನೀರು ಕುಡಿಯಲು ಎದ್ದವಳು ಆ ಬೂಟುಗಳನ್ನು ಬಳಸಿಕೊಂಡು ಹೋದೆ. ದಾಟಲು ಕಾಲೇ ಬರಲಿಲ್ಲ.