ನಡುವೆ ಅಲಗಿಲ್ಲದ ಬಿಟ್

ಇಪ್ಪತ್ತಾರನೇ ತಾರೀಕು, ಗುರುವಾರ

ಮನೆ ತೊರೆದರೂ ಯಜಮಾನರೇ ಆಗಿ ಉಳಿದಿರುವ ನಿಮಗೆ ನಮಸ್ಕಾರಗಳು.

ಎರಡನೇ ತಾರೀಕು ನೀವು ಬರೆದ ಪತ್ರ ಬಂತು. ಉತ್ತರ ತಡವಾಯಿತು, ಬೇಸರ ಬೇಡ. ಮೂರು ವರ್ಷದಿಂದ ಒಂದು ಸಾಲು ಬರೆಯದವರು ಊಟದ ಮೇಜಿನ ನೆಪದಲ್ಲಾದರೂ ನೆನೆದಿರಲ್ಲ, ಸಂತೋಷ. ಈ ಮೇಜು ಕೈಕೊಟ್ಟರೆ ಹೊಸ ಕಾರ್ಖಾನೆಗೆ ಬೀಗವೇ ಗತಿ, ಮರ ಕೆತ್ತುವ ರೂಟರ್ ಯಂತ್ರದ ಬಾಯಿಗೆ ಯಾವ ಅಲಗಿನ ಬಿಟ್ ಹಾಕಲಿ ತಿಳಿಸು ಎಂದಿದ್ದೀರಿ. ಮೊದಲೂ ಹಾಗೆಯೇ ಇತ್ತು. ಬಿಟ್ ಆರಿಸುತ್ತಿದ್ದವಳು ನಾನು, ಮೇಸ್ತ್ರಿ ಅನ್ನಿಸಿಕೊಳ್ಳುತ್ತಿದ್ದವರು ನೀವು.

ಹಲಗೆಯ ಮೈ ಸಮ ಮಾಡಲು ತಳ ಚಪ್ಪಟೆಯಾದ ಅಗಲ ಬಿಟ್ ಹಾಕಿ. ವೇಗ ಕಡಿಮೆ ಇರಲಿ. ಯಂತ್ರವನ್ನು ಹಲಗೆಯ ಎರಡು ಬದಿಗೂ ಇಟ್ಟ ಹಳಿಗಳ ಮೇಲೆ ಕೂರಿಸಿ, ಅಂಚಿನ ಆಚೆಯಿಂದ ಒಳಕ್ಕೆ ತನ್ನಿ. ಒಂದು ಸಲಕ್ಕೆ ಉಗುರಿನ ದಪ್ಪಕ್ಕಿಂತ ಹೆಚ್ಚು ತೆಗೆಯಬೇಡಿ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ನಿಮಗೆ ಬೇರೆ ಹೇಳಬೇಕೆ?

ನಡುವೆ ಗಾಜು ಕೂರಿಸುವ ತಗ್ಗಿಗೂ ಅದೇ ಬಿಟ್ಟನ್ನು ಮೇಲಿನಿಂದ ನೇರ ಇಳಿಸುತ್ತೇನೆ, ಬೇಗ ಮುಗಿಯುತ್ತದೆ ಎಂದು ಬರೆದಿದ್ದೀರಿ. ಇಳಿಸಬೇಡಿ. ಅದಕ್ಕೆ ಅಲಗಿರುವುದು ಅಂಚಿನಲ್ಲಿ ಮಾತ್ರ, ನಡುವೆ ಇಲ್ಲ. ನೇರ ಒತ್ತಿದರೆ ಮರವನ್ನು ಸುಟ್ಟು ಎಗರುತ್ತದೆ. ತಗ್ಗಿಗೆ ತುದಿಯಲ್ಲೂ ಅಲಗಿರುವ ಸಣ್ಣ ಬಿಟ್ ಬೇಕು.

ಇದನ್ನು ನೀವು ಮರೆಯಬಾರದಿತ್ತು. ಮೂರು ವರ್ಷದ ಹಿಂದೆ ನಾನು ಬೇಡವೆಂದರೂ ಅಗಲ ಬಿಟ್ಟನ್ನೇ ಹಾಕಿಕೊಟ್ಟು, ಇದೇ ಸಾಕು, ಒತ್ತು ಎಂದವರು ನೀವು. ಯಂತ್ರ ಎಗರಿ ನನ್ನ ಎರಡು ಬೆರಳು ಮರದ ಹೊಟ್ಟಿನಲ್ಲಿ ಬಿದ್ದವು. ಕಟ್ಟಿದ ಬಟ್ಟೆ ಬಿಚ್ಚುವ ಮೊದಲೇ, ಇನ್ನು ನಿನ್ನಿಂದ ನನಗೇನು ಉಪಯೋಗ ಎಂದು ಹೇಳಿ ಹೊರಟುಬಿಟ್ಟಿರಿ. ಬೆರಳು ನನ್ನದು ಹೋಯಿತು, ಬುದ್ಧಿ ನಿಮಗೆ ಬರಲಿಲ್ಲ.

ಆರೋಗ್ಯ ನೋಡಿಕೊಳ್ಳಿ.

ಇಂತಿ,
ಎಂಟು ಬೆರಳಿನ ನಿಮ್ಮ ಹೆಂಡತಿ

ತಾ.ಕ.: ನಿಮ್ಮ ಪತ್ರ ನಾಲ್ಕನೇ ತಾರೀಕಿಗೇ ಕೈಸೇರಿತ್ತು. ಮೇಜನ್ನು ಗಿರಾಕಿಗೆ ಇಪ್ಪತ್ತನೇ ತಾರೀಕಿಗೆ ಕೊಡಬೇಕೆಂದೂ ಓದಿದ್ದೆ. ಆ ಸಂಜೆಯೇ ಉತ್ತರ ಬರೆಯಬಹುದಿತ್ತು, ಬೇಕೆಂದೇ ಬರೆಯಲಿಲ್ಲ. ನಿನ್ನೆ ನಿಮ್ಮ ಆ ಗಿರಾಕಿಯೇ ನನ್ನ ವಿಳಾಸ ಕೇಳಿಕೊಂಡು ಬಂದು, ನಡುವೆ ಬಳೆಯಂತೆ ಸುಟ್ಟ ಹಲಗೆಯನ್ನು ನೀವೇ ಸರಿಮಾಡಿಕೊಡಿ ಎಂದು ನನಗೆ ಒಪ್ಪಿಸಿದರು. ಈಗ ಅದರ ಮೇಲೇ ಕಾಗದ ಇಟ್ಟು ಬರೆಯುತ್ತಿದ್ದೇನೆ. ಹಲಗೆ ಸರಿಹೋಗುತ್ತದೆ. ನಿಮ್ಮ ಕೈಗೆ ಮಾತ್ರ ಏನೂ ಆಗಿಲ್ಲವಂತೆ. ನನಗೆ ಅದೊಂದೇ ಕೊರಗು.