ಏಕಾದಶಿಯ ಸತ್ಯಾಗ್ರಹ

ಜುಲೈ 2, 1938. ಶನಿವಾರ

ಬೆಳಿಗ್ಗೆ ತಕಲಿ. ನೂಲು ಇಂದೂ ಹರಿಯಿತು. ಆಮೇಲೆ ಕಾಲೇಜು. ಹಲಗೆಯ ಮೇಲೆ ವಕ್ರರೇಖೆಗಳು ಹುಟ್ಟಿದವು, ಅಳಿಸಿಹೋದವು. ನನಗೆ ಏನೂ ಅನಿಸಲಿಲ್ಲ. ಗೋಡೆಯಾಚೆಯ ಕೋಣೆಯಲ್ಲಿ ಅರ್ಥಶಾಸ್ತ್ರ ನಡೆದಿತ್ತು. ರೆಂಟ್... ವೇಜಸ್... ಒಂದೊಂದೇ ಶಬ್ದ ಬಂದು ಕಿವಿಗೆ ಬೀಳುತ್ತಿತ್ತು. ಹೊಟ್ಟೆ ಉರಿಯಿತು.

ದೇಶ ಯಾಕೆ ಬಡವಾಗಿದೆ ಎಂದು ಚಳವಳಿಯ ಕರಪತ್ರಗಳು ಕೂಗುತ್ತಿವೆ. ನಾನು ಇಲ್ಲಿ ಶಂಕುವನ್ನು ಕತ್ತರಿಸುತ್ತ ಕೂತಿದ್ದೇನೆ! ಜೂನ್‌ನಲ್ಲಿ ಬಿ.ಎ.ಗೆ ವಿಷಯ ಬರೆಸುವಾಗ ಮಾಮಾ ಪಕ್ಕದಲ್ಲೇ ನಿಂತಿದ್ದರು. 'ಮ್ಯಾಥಮ್ಯಾಟಿಕ್ಸ್' ಎಂದರು. ಬರೆದೆ.

ಇಂದು ಬೋರ್ಡಿನ ಮೇಲೆ ನೋಟೀಸು. ವಿಷಯ ಬದಲಿಸಲು ಹನ್ನೊಂದನೇ ತಾರೀಖು ಕೊನೆ. ಪಾಲಕರ ಸಹಿ ಬೇಕು. ನನ್ನ ಪಾಲಕರೆಂದರೆ ಪ್ರಲ್ಹಾದ ಮಾಮಾ. ಅವ್ವನ ಅಣ್ಣ, ಇಲ್ಲೇ ಪುಣೆಯ ಮಿಲಿಟರಿ ಅಕೌಂಟ್ಸ್‌ನಲ್ಲಿ ಕ್ಲಾರ್ಕ್. ಕೇಳುತ್ತೇನೆ. ಹೆದರುವುದಿಲ್ಲ.

ಜುಲೈ 4. ಸೋಮವಾರ

ಕೇಳಿದೆ. ನಾರಾಯಣಪೇಟೆಯ ವಾಡೆಯ ತಮ್ಮ ಮನೆಯಲ್ಲಿ ಮಾಮಾ ಆಗಷ್ಟೇ ಆಫೀಸಿನಿಂದ ಬಂದು ಟೊಪ್ಪಿಗೆ ಗೂಟಕ್ಕೆ ಹಾಕುತ್ತಿದ್ದರು.

"ಗಣಿತದಾಗ ಇಡೀ ಕಾಲೇಜಿಗೆ ಎರಡನೇದಾಂವ ನೀನು. ಹಾಲ ಕರಿಯೋ ಆಕಳಾ ಬಿಟ್ಟು ಬರೇ ಹಗ್ಗಾ ಹಿಡ್ಕೊಂಡು ಹೊಂಟೀಯಲ್ಲೋ ದಿಗ್ಯಾ!"

ದೇಶದ ಮಾತು ತೆಗೆದೆ. ಗಿರಣಿಗಳ ಲಾಭ, ನೇಕಾರರ ಗತಿ, ಎಲ್ಲ ಹೇಳಿದೆ. ಕೊನೆಗೆ ಒಂದೇ ಪ್ರಶ್ನೆ—

"ಇಷ್ಟೆಲ್ಲಾ ಹೇಳಿದ್ಯಲ್ಲಾ, ಇದರಾಗ ನಿಮ್ಮವ್ವ ಎಲ್ಲಿದಾಳ? ಗದಗಿನ್ಯಾಗ ಮಂದಿ ಮನಿ ಒಲಿ ಮುಂದ ಕೂತಾಳ. ನಾಳೆ ನೀ ಜೇಲಿಗೆ ಹೋಗಾಂವ. ಅಕಿ?"

ಸಿಟ್ಟು ಬಂತು. ಚಹಾ ಮುಟ್ಟದೆ ಎದ್ದು ಬಂದೆ. ನರ್ಮದಾ ಅತ್ತಿ ಬಾಗಿಲವರೆಗೆ ಬಂದು ಉಂಡಿ ಕೊಟ್ಟಳು. ಅದನ್ನೂ ತೆಗೆದುಕೊಳ್ಳಲಿಲ್ಲ. (ಬೇಸನ್ ಉಂಡಿ. ದಾರಿಯುದ್ದಕ್ಕೂ ಅದರದೇ ನೆನಪು.)

ಜುಲೈ 7. ಗುರುವಾರ, ಸಂಜೆ

ನಿಶ್ಚಯಿಸಿದೆ. ನಾಳೆಯಿಂದ ಉಪವಾಸ. ಮಾಮಾ ಸಹಿ ಮಾಡುವವರೆಗೆ. ಆತ್ಮಬಲದ ಮುಂದೆ ಸಾಮ್ರಾಜ್ಯಗಳೇ ನಡುಗಿವೆ. ಮಿಲಿಟರಿ ಅಕೌಂಟ್ಸ್ ಎಷ್ಟರದು?

ಪ್ರಚಾರ ಮಾಡುವುದಿಲ್ಲ. ಸತ್ಯಕ್ಕೆ ಡಂಗುರ ಬೇಡ. ಸುದ್ದಿ ತಾನೇ ಮುಟ್ಟುತ್ತದೆ.

ಜುಲೈ 8. ಶುಕ್ರವಾರ, ಮಧ್ಯಾಹ್ನ

ಎಂಥ ಕೆಲಸವಾಯಿತು! ಇಂದು ಆಷಾಢ ಏಕಾದಶಿ. ಪಂಚಾಂಗ ನೋಡುವುದು ಬಿಟ್ಟು ಎರಡು ವರ್ಷವಾಯಿತು. ಮೂಢನಂಬಿಕೆ ಎಂದು.

ಇಡೀ ಪುಣೆಯೇ ಉಪವಾಸವಿದೆ. ನಮ್ಮ ಖಾನಾವಳಿಯ ಒಲೆ ಹೊತ್ತಿಲ್ಲ. ಕೃಷ್ಣಾಮೌಶಿ ಹನಿ ನೀರೂ ಮುಟ್ಟುವುದಿಲ್ಲ. ಧಾರವಾಡದ ಕಡೆಯ ವಿಧವೆ, ಶನಿವಾರಪೇಟೆಯ ಈ ಮಾಳಿಗೆಯಲ್ಲಿ ನಮ್ಮಂಥ ಐದು ಹುಡುಗರಿಗೆ ಅಡಿಗೆ ಮಾಡಿ ಬದುಕುವವಳು. ಹುಡುಗರಿಗೆಂದು ಬಾಳೆಹಣ್ಣು, ಶೇಂಗಾ ಇಟ್ಟಿದ್ದಳು. ನಾನು ಒಲ್ಲೆನೆಂದೆ.

"ಹಣ್ಣೂ ಬ್ಯಾಡೇನೋ?"

"ಬ್ಯಾಡ ಮೌಶಿ. ಏನೂ ಬ್ಯಾಡ."

ಮುಖ ಅರಳಿತು. "ನಿರಾಹಾರ! ದೇವರು ನಿನಗ ಬುದ್ಧಿ ಕೊಟ್ಟಾ!" ಎಂದವಳೇ ಕೆಳಗಿನ ಮನೆಯ ಇಂದೂಬಾಯಿಗೆ ಮೆಟ್ಟಿಲಿನಿಂದಲೇ ಕೂಗಿ ಹೇಳಿದಳು. ಆಕೆ ಮೇಲೆ ಬಂದು ನನ್ನನ್ನು ನೋಡಿ ಕೈ ಮುಗಿದು ಹೋದಳು.

ಕೋಣೆಯ ಜೊತೆಗಾರ ಪಂಢರಿನಾಥ, ವಿಜಾಪುರದವನು, ಹಾಸಿಗೆಯ ಮೇಲೆ ಬಿದ್ದು ಬಿದ್ದು ನಕ್ಕ. ಅವನಿಗೊಬ್ಬನಿಗೇ ಗೊತ್ತು. "ನಿಮ್ಮ ಮಾಮಾನೂ ಇವತ್ತ ಉಪಾಸನ ಇರಬೇಕಲ್ಲೋ. ಅವರ ಸತ್ಯಾಗ್ರಹ ಯಾರ ಮ್ಯಾಲ?"

ಯುದ್ಧ ನಡೆದಿದೆ ಎಂದು ಎದುರಾಳಿಗೆ ಗೊತ್ತೇ ಇಲ್ಲ. ಇರಲಿ. ನಾಳೆ ಗೊತ್ತಾಗುತ್ತದೆ.

ಜುಲೈ 9. ಶನಿವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ದ್ವಾದಶಿ. ಮೌಶಿ ಕತ್ತಲಿರುವಾಗಲೇ ಎದ್ದು ಅಡಿಗೆ ಮಾಡಿ ಎಲ್ಲರಿಗೂ ಎಲೆ ಹಾಕಿದಳು. ಏಕಾದಶಿ ಮಾಡಿದವರು ಬೆಳಗಿನಲ್ಲೇ ಉಂಡು ಉಪವಾಸ ಮುಗಿಸಬೇಕು. ಪಾರಣೆಯ ಆ ಹೊತ್ತು ಮೀರಬಾರದು. ಹುಡುಗರು ಉಂಡು ಎದ್ದರು. ನಾನು ಕೋಣೆಯಲ್ಲೇ ಉಳಿದೆ. ಬಾಗಿಲಲ್ಲಿ ನಿಂತು ಕರೆದಳು. ಆಗ ಹೇಳಿದೆ. ಇದು ದೇವರ ಉಪವಾಸವಲ್ಲ, ಮಾಮಾನ ವಿರುದ್ಧದ್ದು, ವಿಷಯ ಬದಲಾಗುವವರೆಗೆ ಉಣ್ಣುವುದಿಲ್ಲ ಎಂದೆ. ಬಯ್ಯುತ್ತಾಳೆ ಎಂದುಕೊಂಡಿದ್ದೆ. "ಆತು" ಎಂದು ಹೋದಳು.

ಬಿಸಿಲು ಅಂಗಳಕ್ಕೆ ಇಳಿದಿತ್ತು. ಪಂಢರಿನಾಥ ಬಂದ. ನಗುತ್ತಿರಲಿಲ್ಲ.

"ದಿಗಂಬರಾ, ಮೌಶಿ ಇನ್ನೂ ತೀರ್ಥಾ ಸುದ್ದಾ ತಗೊಂಡಿಲ್ಲೋ."

ಓಡಿದೆ. ಒಲೆಯ ಪಕ್ಕ ಗೋಡೆಗೆ ಒರಗಿ ಕೂತಿದ್ದಳು. ತುಟಿ ಒಣಗಿ ಬಿರಿದಿತ್ತು. ಎದುರಿಗೆ ನನ್ನ ಎಲೆ. ಅಗಸೆಸೊಪ್ಪಿನ ಪಲ್ಯ ಆರಿಹೋಗಿತ್ತು. ಖಾನಾವಳಿ ತೆರೆದಾಗಿನಿಂದ ಅವಳದು ಒಂದೇ ಪದ್ಧತಿ: ಕೊನೆಯ ಹುಡುಗ ಉಂಡೆದ್ದ ಮೇಲೆ ತನ್ನ ಊಟ. ದಿನಾಲೂ ಕಣ್ಣಿಗೆ ಬೀಳುವುದನ್ನೇ ನಾನು ಮರೆತಿದ್ದೆ.

"ಮೌಶಿ, ಇದು ನಿಮ್ಮ ಮ್ಯಾಲಲ್ರಿ! ನೀವು ಉಣ್ರಿ!"

"ನಿನ್ನ ಸತ್ಯಾಗ್ರಹ ನಿನಗ. ನನ್ನ ಪದ್ಧತಿ ನನಗ."

"ಪಾರಣಿ ಹೊತ್ತು ಮೀರಿದ್ರ ಪಾಪ ಅಂತೀರಲ್ಲಾ?"

"ಹೌದು, ಪಾಪನ. ಮನಿಯೊಳಗ ಕೂಸು ಹಸದ ಇದ್ದಾಗ ಉಂಡ್ರ ಅದೂ ಪಾಪನ. ಎರಡರಾಗ ಸಣ್ಣದು ಯಾವುದು? ಕಾಲೇಜು ಕಲ್ತಾಂವ, ನೀನ ಹೇಳು."

ಸಿಟ್ಟಿನಿಂದ ಹೇಳಲಿಲ್ಲ. ನಿಜವಾಗಿಯೂ ಕೇಳಿದಳು. ಕೈ ತೊಳೆದು ಬಂದೆ.

ಕೂತೆ. ಉಂಡೆ. ಸೋತೆನೆಂದು ಗೊತ್ತಿತ್ತು; ಅರ್ಥಶಾಸ್ತ್ರ ಹೋಯಿತೆಂದೂ ಗೊತ್ತಿತ್ತು. ಕಣ್ಣೀರು ಪಲ್ಯದೊಳಗೆ ಬಿತ್ತು. ಮೌಶಿ, "ಉಪ್ಪು ಕಮ್ಮಿ ಆಗಿತ್ತು, ಛಲೋ ಆತು" ಎಂದು ತೀರ್ಥ ತೆಗೆದುಕೊಂಡಳು. ಅವಳು ಮೊದಲ ತುತ್ತು ನುಂಗುವುದನ್ನು ನೋಡಿದೆ. ಎಂಥ ಸಮಾಧಾನ. ಸೋತವನಿಗೆ ಇಷ್ಟು ಸಮಾಧಾನ ಇರುತ್ತದೆಯೇ?

ಜುಲೈ 10. ರವಿವಾರ

ಬೆಳಿಗ್ಗೆ ಮಾಮಾನ ಮನೆಗೆ ಹೋದೆ. ಮೆಟ್ಟಿಲು ಹತ್ತುವಾಗಲೇ ಮಾತನ್ನು ಸಿದ್ಧಮಾಡಿಕೊಂಡಿದ್ದೆ; ಒಳಗೆ ಕಾಲಿಟ್ಟವನೇ ಅದನ್ನೇ ಹೇಳಿದೆ. "ಮಾಮಾ, ಗಣಿತನ ಇರ್ಲಿ. ಛಲೋ ಓದ್ತೀನಿ."

ಒಳಗಿನಿಂದ ಅತ್ತಿಯ ನಗು. ಮಾಮಾ ಅಡಿಕೆ ಕತ್ತರಿಸುತ್ತಿದ್ದರು.

"ನಿಮ್ಮ ಖಾನಾವಳಿ ಕೃಷ್ಣಾಬಾಯಿ ಬಂದು ಹೋದ್ರು. ಅಲ್ಲೋ ಹುಚ್ಚಾ, ನನ್ನ ಮ್ಯಾಲ ಉಪಾಸಾ ಮಾಡಾಂವಾ ನನಗರೆ ಹೇಳಬಾರದ? ಅದೂ ಆಷಾಢ ಏಕಾದಶಿ ದಿನಾ! ನಾನೂ ಅವತ್ತ ಹಸದ ಕೂತಿದ್ದೆ. ಸುದ್ದಿ ಹ್ಯಾಂಗ ಗೊತ್ತಾಗಬೇಕು?"

ಅರ್ಜಿಯ ಕಾಗದ ಇನ್ನೂ ನನ್ನ ಜೇಬಿನಲ್ಲೇ ಇತ್ತು.

"ಹಠಾ ಹಿಡದ ಬಂದಿದ್ರ ಸಹಿ ಮಾಡತಿದ್ದಿಲ್ಲ," ಎಂದರು. ಅಡಕತ್ತರಿ ಕೆಳಗಿಟ್ಟರು. "ನನಗ ಅಂಜಿಕಿ ಇದ್ದದ್ದು ಒಂದ. ದೇಶಾ ದೇಶಾ ಅಂತ ಅವ್ವನ್ನ ಮರ್ತಾನು ಅಂತ. ಯಾರೋ ಒಬ್ಬಾಕಿ ಹಸದಾಳಂತ ಇಷ್ಟು ದೊಡ್ಡ ಹಠಾ ಬಿಟ್ಟಾಂವ, ಹೆತ್ತಾಕಿನ್ನ ಬಿಡ್ತಾನೇನು? ತಾ ಕಾಗದಾ."

ಸಹಿ ಮಾಡಿದರು. ನಾನು ಕಾಲಿಗೆರಗಿದೆ. ಎರಡು ವರ್ಷದಿಂದ ಯಾರಿಗೂ ಎರಗಿರಲಿಲ್ಲ. ದಾಸ್ಯದ ಕುರುಹು ಎಂದು. ಇಂದು ಹಾಗೆ ಅನಿಸಲಿಲ್ಲ.

"ಇನ್ನೊಂದು ಮಾತು. ಸಿಟ್ಟು ಬಂದ್ರ ಇಲ್ಲಿ ಬಂದು ಒದರು. ಉಂಡು ಒದರು. ಹಸದಾಂವನ ಧ್ವನಿ ಸಣ್ಣದಾಗ್ತದ."

ಜುಲೈ 11. ಸೋಮವಾರ, ಕಾಲೇಜಿನಲ್ಲಿ

ಅರ್ಥಶಾಸ್ತ್ರದ ಕೋಣೆ. ಪ್ರೊಫೆಸರರು ಇನ್ನೂ ಬಂದಿಲ್ಲ. ಮೊದಲ ಸಲ ಗೋಡೆಯ ಈಚೆ ಕೂತಿದ್ದೇನೆ.

ಮಾಮಾ ಅರ್ಧ ದಿನದ ರಜೆ ಹಾಕಿ ನನ್ನ ಜೊತೆ ಕಾಲೇಜು ಆಫೀಸಿನ ಕಿಟಕಿಯವರೆಗೆ ಬಂದರು. ವಿಷಯ ಬದಲಾಯಿತು. ಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ. ಕೊಡೆ ಬಗಲಲ್ಲಿಟ್ಟುಕೊಂಡು ಜಗಲಿಯಲ್ಲಿ ನಿಂತರು. ಆಮೇಲೆ ಮೆಲ್ಲಗೆ, "ಇಲ್ಲಿಂದ ಒಂದೀಟು ಕೇಳಿದ್ರ ಬೈತಾರೇನೋ? ಮ್ಯಾಟ್ರಿಕ್ ಮುಗಿಸಿ ಸೀದಾ ಆಫೀಸಿಗೆ ಹೋದೆ ನೋಡು. ಕಾಲೇಜಿನ್ಯಾಗ ಹ್ಯಾಂಗ ಹೇಳ್ತಾರ, ಕೇಳಿಲ್ಲ."

ಅವರು ಯಾಕೆ ಮುಂದೆ ಓದಲಿಲ್ಲವೆಂದು ಇಷ್ಟು ವರ್ಷ ನಾನು ಒಮ್ಮೆಯೂ ಕೇಳಿರಲಿಲ್ಲ.

ಹಿಂದಿನ ಬೆಂಚಿನವರು ನಗುತ್ತಿದ್ದರು. "ಕೋಣ ರೇ ತೇ?" ಎಂದು ಒಬ್ಬ ಮರಾಠಿಯಲ್ಲಿ, ಅವರು ಯಾರೆಂದು ಕೇಳಿದ. "ಮಾಝೇ ಮಾಮಾ," ಎಂದೆ, ಎಲ್ಲರಿಗೂ ಕೇಳುವಂತೆ. ಹೊರಗೆ ಹೋಗಿ ಕೈ ಹಿಡಿದು ಕರೆತಂದೆ. ಈಗ ನನ್ನ ಪಕ್ಕ ಕೂತಿದ್ದಾರೆ. ಕೋಟಿನ ಗುಂಡಿ ಎಲ್ಲ ಹಾಕಿಕೊಂಡರು. ನನ್ನ ಪೆನ್ಸಿಲ್ ಇಸಿದುಕೊಂಡರು. ಇದನ್ನು ಮಸಿಯಲ್ಲಿ ಬರೆಯುತ್ತಿದ್ದೇನೆ—

ಬಂದರು. ಪ್ರೊಫೆಸರರನ್ನು ಕಂಡು ಮಾಮಾ ನನಗಿಂತ ಮೊದಲೇ ಎದ್ದು ನಿಂತರು—